ಹಳೆಯ ಬೇಸೋ, ಕೈಯಲ್ಲಿ ಕಟ್ಟಿದ ಬೇಸೋ: ಪಕ್ಕಪಕ್ಕ ಇಟ್ಟು ನೋಡುವ ಬಗೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ನಮ್ಮ ತಾಲೀಮು ಕೋಣೆಯಲ್ಲಿ ಒಂದು ಸಂಜೆ ಎರಡು ಕೇಸುಗಳನ್ನು ಪಕ್ಕಪಕ್ಕ ತೆರೆದಿಟ್ಟೆವು. ಒಂದರಲ್ಲಿ 1970ರ ದಶಕದ ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರ್. ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದಿತ್ತು, ತಂತಿ ಯಾವಾಗ ಹಾಕಿದ್ದೆಂದು ಅದರ ಒಡೆಯನಿಗೂ ನೆನಪಿರಲಿಲ್ಲ. ಇನ್ನೊಂದರಲ್ಲಿ ಐದು ತಂತಿಯ ಬೇಸ್. ನಾಲ್ಕಾರು ಜನ ಕೆಲಸ ಮಾಡುವ ಸಣ್ಣ ಕಾರ್ಯಾಗಾರದಲ್ಲಿ ಕೈಯಿಂದ ಕಟ್ಟಿದ್ದು, ಗೆಳೆಯನೊಬ್ಬ ಅಮೆರಿಕದಿಂದ ಬರುವಾಗ ತಂದಿದ್ದು. ಮೊದಲ ಕಾಲು ಗಂಟೆ ಎಲ್ಲರ ಕಣ್ಣೂ ಕಿವಿಯೂ ಹೊಸದರ ಮೇಲೆಯೇ. ಡ್ರಮ್ಮರ್ ಬಂದು ಕೂತು ಹಾಡು ಶುರುವಾದ ಮೇಲೆ ಅಭಿಪ್ರಾಯ ತಿರುಗಿತು. ಎರಡಕ್ಕೂ ಒಂದೇ ಬಗೆಯ ಹೊಸ ತಂತಿ ಹಾಕಿದಾಗ ಮತ್ತೊಮ್ಮೆ ತಿರುಗಿತು.

ಬೇಸ್ ಎರಡೂ ಅವೇ, ಕೋಣೆಯೂ ಅದೇ. ಬದಲಾಗಿದ್ದು ನಾವು ಹೋಲಿಸಿದ ರೀತಿ ಮಾತ್ರ. ವಿಂಟೇಜ್ (ದಶಕಗಳ ಹಳೆಯದು) ತಗೊಳ್ಳಲಾ, ಬೊಟೀಕ್ (ಸಣ್ಣ ಕಾರ್ಯಾಗಾರದಲ್ಲಿ ಕೈಯಿಂದ ಕಟ್ಟಿದ್ದು) ತಗೊಳ್ಳಲಾ ಎಂದು ಯಾರಾದರೂ ಕೇಳಿದರೆ ಈಗ ನಾನು ಮೊದಲು ಹೇಳುವ ಮಾತು ಒಂದೇ: ಮನೆಯಲ್ಲಿ ಒಬ್ಬರೇ ಕೂತು ನುಡಿಸಿ ತೀರ್ಮಾನ ಮಾಡಬೇಡಿ. ಬೇಸ್ ಇರುವುದೇ ಉಳಿದವರ ಜೊತೆ ಕೂಡಿ ನುಡಿಯುವುದಕ್ಕೆ. ಹಾಡಿನೊಳಗೆ ಅದು ಎಲ್ಲಿ ಕೂರುತ್ತದೆ ಅನ್ನುವುದನ್ನು ನ್ಯಾಯವಾಗಿ ಕೇಳಿಸಿಕೊಳ್ಳಬೇಕಾದರೆ ಒಂದು ಕ್ರಮ ಬೇಕು. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಎರಡು ಹೆಸರುಗಳ ಹಿಂದೆ ಇರುವ ಕಥೆ

ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದರು. ನಿಲ್ಲಿಸಿ ನುಡಿಸುವ ದೊಡ್ಡ ಡಬಲ್ ಬೇಸಿನಲ್ಲಿ ಸ್ವರದ ಜಾಗವನ್ನು ಬೆರಳೇ ಹುಡುಕಿಕೊಳ್ಳಬೇಕು. ಇಲ್ಲಿ ಫ್ರೆಟ್, ಅಂದರೆ ಬೆರಳುಹಲಗೆಯ ಮೇಲೆ ಲೋಹದ ಅಡ್ಡಪಟ್ಟಿ, ಇರುವುದರಿಂದ ಸ್ವರ ನಿಖರವಾಗಿ ಬೀಳುತ್ತದೆ. ಹೆಸರು ಬಂದದ್ದು ಅದರಿಂದ. ಅಂದು ಅವರು ಆರಿಸಿದ 34 ಇಂಚಿನ ತಂತಿಯುದ್ದವೇ ಇವತ್ತಿಗೂ ಬೇಸ್ ಗಿಟಾರಿನ ಸಾಮಾನ್ಯ ಅಳತೆ. 1957ರಲ್ಲಿ ಎರಡು ತುಂಡಾಗಿ ಒಡೆದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಬಂತು. 1960ರಲ್ಲಿ ಎರಡು ಪಿಕಪ್ಪಿನ, ತುದಿಯಲ್ಲಿ ಕಿರಿದಾದ ನೆಕ್ಕಿನ (ಎಡಗೈ ಹಿಡಿಯುವ ಉದ್ದ ಭಾಗದ) ಜಾಝ್ ಬೇಸ್ ಬಂತು. 1965ರ ಜನವರಿಯಲ್ಲಿ ಫೆಂಡರ್ ತಮ್ಮ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದರು. ಹಳೆಯ ವಾದ್ಯ ಕೊಳ್ಳುವವರು ಗೆರೆ ಎಳೆಯುವುದು ಈ ತಾರೀಕಿನಲ್ಲಿ. ಅದಕ್ಕಿಂತ ಹಿಂದಿನವು ‘ಪ್ರೀ-ಸಿಬಿಎಸ್’, ಅವುಗಳ ಬೆಲೆಯೇ ಬೇರೆ.

ಆಮೇಲಿನವೆಲ್ಲ ಕೆಟ್ಟವು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 60ರ ದಶಕದ ಕೊನೆಗೆ ತೆಳುವಾದ ನೈಟ್ರೋ (ನೈಟ್ರೋಸೆಲ್ಯುಲೋಸ್) ಬಣ್ಣದ ಬದಲು ದಪ್ಪ ಪಾಲಿಯೆಸ್ಟರ್ ಬಂದದ್ದು ನಿಜ, 70ರ ದಶಕದಲ್ಲಿ ಮರ ಭಾರವಾದದ್ದು ನಿಜ, ನೆಕ್ ಕೂರುವ ಗುಂಡಿಯಲ್ಲಿ ಸಂದು ಬಿಟ್ಟ ವಾದ್ಯಗಳು ಹೊರಬಿದ್ದದ್ದೂ ನಿಜ. ಆದರೆ ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಹೆಸರಾದ, ತಂತಿಯನ್ನು ಹೆಬ್ಬೆರಳಿನಿಂದ ಬಡಿದು ತೆಗೆಯುವ ಆ ಹೊಳೆಯುವ ನಾದ ಬಂದದ್ದು 1977ರ ಜಾಝ್ ಬೇಸಿನಿಂದ.

ಆ ವಾದ್ಯದ ಕಥೆಯಲ್ಲೇ ನಮ್ಮ ವಿಷಯದ ಇನ್ನರ್ಧ ಇದೆ. ರೋಜರ್ ಸ್ಯಾಡೋವ್‌ಸ್ಕಿ 1979ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದಾಗ ಅವರ ಕೆಲಸ ಬಹುಪಾಲು ರಿಪೇರಿ. ಸ್ಟುಡಿಯೋ ಕಲಾವಿದರು ತಮ್ಮ ಫೆಂಡರ್‌ಗಳನ್ನು ತಂದುಕೊಡುತ್ತಿದ್ದರು. ಸ್ಯಾಡೋವ್‌ಸ್ಕಿ ಫ್ರೆಟ್ ಸರಿಮಾಡಿ, ಒಳಗಿನ ಗೂಡಿಗೆ ಶೀಲ್ಡಿಂಗ್ (ಹೊರಗಿನ ವಿದ್ಯುತ್ ಸದ್ದು ತಡೆಯುವ ಹೊದಿಕೆ) ಮಾಡಿ, ಪ್ರೀಆಂಪ್ (ಸಿಗ್ನಲ್ ಏರಿಸುವ, ಬ್ಯಾಟರಿಯ ಸಣ್ಣ ಸರ್ಕ್ಯೂಟ್) ಕೂರಿಸಿ ಕೊಡುತ್ತಿದ್ದರು. ಮಿಲ್ಲರ್ ಅವರ ಬೇಸೂ ಹಾಗೆ ಅವರ ಮೇಜಿನ ಮೇಲೆ ಬಂದದ್ದೇ. ಕೊನೆಗೆ ಅವರು ಇಡೀ ಬೇಸನ್ನೇ ತಾವೇ ಕಟ್ಟತೊಡಗಿದರು. ಬೊಟೀಕ್ ಬೇಸಿನ ಒಂದು ದೊಡ್ಡ ಕವಲು ಹೀಗೆ ಹಳೆಯದರ ರಿಪೇರಿ ಮೇಜಿನ ಮೇಲೇ ಹುಟ್ಟಿದೆ. ಎರಡನ್ನೂ ಶತ್ರುಗಳಂತೆ ಎದುರುಬದುರು ನಿಲ್ಲಿಸಿ ನೋಡುವವರು ಇದನ್ನು ನೆನಪಿಡಬೇಕು.

ಇನ್ನೊಂದು ಕವಲು ಹೊಸ ವಾದ್ಯವನ್ನೇ ಹುಡುಕಿ ಹೊರಟದ್ದು. ಕ್ಯಾಲಿಫೋರ್ನಿಯಾದ ಅಲೆಂಬಿಕ್ 70ರ ದಶಕದ ಆರಂಭದಲ್ಲೇ ಬೇಸಿನೊಳಗೆ ಸಕ್ರಿಯ ಎಲೆಕ್ಟ್ರಾನಿಕ್ಸ್ ತುಂಬಿ, ನೆಕ್ಕಿನ ಮರವನ್ನೇ ಬಾಡಿಯ ಕೊನೆಯವರೆಗೂ ಹಾಯಿಸಿ ಕಟ್ಟಿತು. ಬೇಸ್ ವಾದಕ ಆಂಥನಿ ಜಾಕ್ಸನ್ ತಮಗೆ ಇನ್ನೂ ಕೆಳಗಿನ ಸ್ವರ ಬೇಕೆಂದಾಗ ವಾದ್ಯ ತಯಾರಕ ಕಾರ್ಲ್ ಥಾಂಪ್ಸನ್ 1975ರಲ್ಲಿ ಆರು ತಂತಿಯ ಬೇಸ್ ಕಟ್ಟಿಕೊಟ್ಟರು. 1983ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾದ ಫೊಡೆರಾ ಆ ದಾರಿಯನ್ನು ಮುಂದುವರಿಸಿತು.

ಆದ್ದರಿಂದ ನಿಮ್ಮ ಮುಂದಿರುವ ಬೊಟೀಕ್ ಯಾವ ಕವಲಿನದು ಎಂದು ಮೊದಲು ಗುರುತಿಸಿಕೊಳ್ಳಿ. 60ರ ದಶಕದ ಜಾಝ್ ಬೇಸನ್ನೇ ಚೊಕ್ಕಟವಾಗಿ ಮತ್ತೆ ಕಟ್ಟಿದ್ದಾದರೆ ಹಳೆಯದರ ಜೊತೆ ನೇರವಾಗಿ ಹೋಲಿಸಬಹುದು. ಆರು ತಂತಿಯ, ನೆಕ್ ಹಾಯ್ದ, 18 ವೋಲ್ಟಿನ ಪ್ರೀಆಂಪ್ ಇರುವ ವಾದ್ಯವನ್ನು 1963ರ ಪ್ರಿಸಿಷನ್ ಜೊತೆ ತೂಗುವುದು ವೀಣೆಯನ್ನು ತಂಬೂರಿಯ ಜೊತೆ ತೂಗಿದ ಹಾಗೆ.

ಹೆಜ್ಜೆ 1: ನಿಮಗೆ ಬೇಕಾದ ಮೂರು ಹಾಡು ಬರೆದುಕೊಳ್ಳಿ

ವಾದ್ಯ ಮುಟ್ಟುವ ಮೊದಲೇ, ಮುಂದಿನ ಒಂದು ವರ್ಷ ನೀವು ನಿಜವಾಗಿ ನುಡಿಸಲಿರುವ ಮೂರು ಹಾಡು ಆರಿಸಿ. ಕನಸಿನ ಹಾಡು ಬೇಡ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ನುಡಿಸುವವರಾದರೆ ಅಲ್ಲಿಯ ಪಟ್ಟಿಯಿಂದಲೇ ತೆಗೆದುಕೊಳ್ಳಿ. ಒಂದು ನಿಧಾನದ್ದು, ಒಂದು ಕುಣಿಸುವಂಥದ್ದು, ಒಂದು ಕೀಬೋರ್ಡಿನ ಎಡಗೈ ಜೋರಾಗಿರುವಂಥದ್ದು ಇರಲಿ. ಅವುಗಳಲ್ಲಿ ನಾಲ್ಕನೇ ತಂತಿಯ ‘ಇ’ಗಿಂತ ಕೆಳಗಿನ ಸ್ವರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ. ತೀರ ಅಪರೂಪವಾದರೆ ಐದನೇ ತಂತಿಗಾಗಿ ದುಡ್ಡು ಕೊಡುವ ಅಗತ್ಯವಿಲ್ಲ. ಪದೇಪದೇ ಬಂದರೆ ಹಳೆಯ ನಾಲ್ಕು ತಂತಿಯ ಬೇಸ್ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಕೆಲಸಕ್ಕೆ ಸಾಲದು.

ಹೆಜ್ಜೆ 2: ಎರಡನ್ನೂ ಒಂದೇ ನೆಲಕ್ಕೆ ತನ್ನಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ.

ಮೊದಲು ತಂತಿ. ಹೊಸ ರೌಂಡ್‌ವೌಂಡ್ ತಂತಿ (ಮೇಲೆ ದುಂಡನೆಯ ಎಳೆ ಸುತ್ತಿದ್ದು) ಪಿಯಾನೋದ ಹಾಗೆ ಝಣ್ಣೆನ್ನುತ್ತದೆ. ಕೆಲವೇ ವಾರಗಳಲ್ಲಿ ಬೆವರು, ಧೂಳು ಕೂತು ಆ ಮೇಲಿನ ಹೊಳಪು ಹೋಗುತ್ತದೆ. ಹಳೆಯ ಬೇಸಿನಲ್ಲಿ ಎರಡು ವರ್ಷದ ತಂತಿ, ಹೊಸ ಬೇಸಿನಲ್ಲಿ ಎರಡು ದಿನದ ತಂತಿ ಇದ್ದರೆ ನೀವು ಹೋಲಿಸುತ್ತಿರುವುದು ತಂತಿಗಳನ್ನು. ಅಮೆರಿಕದ ಮೋಟೌನ್ ಸ್ಟುಡಿಯೋದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್ ಬೇಸಿಗೆ ಲಾ ಬೆಲ್ಲಾ ಕಂಪನಿಯ ಫ್ಲ್ಯಾಟ್‌ವೌಂಡ್ ತಂತಿ (ಸಪಾಟಾದ ಎಳೆ ಸುತ್ತಿದ್ದು) ಹಾಕಿ, ಹರಿಯುವವರೆಗೂ ಬದಲಿಸುತ್ತಿರಲಿಲ್ಲ. ಬ್ರಿಡ್ಜ್ (ಬಾಡಿಯ ಕಡೆ ತಂತಿ ಕೂರುವ ಭಾಗ) ಮೇಲಿನ ಮುಚ್ಚಳದ ಒಳಗೆ ಸ್ಪಂಜು ಒತ್ತಿಕೊಂಡಿರುತ್ತಿತ್ತು. ‘ಹಳೆಯ ಮರದ ನಾದ’ ಎಂದು ನಾವು ಮೆಚ್ಚುವುದರಲ್ಲಿ ದೊಡ್ಡ ಪಾಲು ಆ ಫ್ಲ್ಯಾಟ್ ತಂತಿಯದ್ದು, ಆ ಸ್ಪಂಜಿನದ್ದು, ಅವರು ಮೀಟುತ್ತಿದ್ದ ಆ ಒಂದೇ ಬೆರಳಿನದ್ದು. ಒಂದೇ ಕಂಪನಿಯ, ಒಂದೇ ದಪ್ಪದ ಎರಡು ಸೆಟ್ ಕೊಂಡು ಎರಡಕ್ಕೂ ಒಂದೇ ದಿನ ಹಾಕಿ. 45ರಿಂದ 105 (ಇಂಚಿನ ಸಾವಿರದ ಭಾಗದಲ್ಲಿ ದಪ್ಪ) ಸಾಮಾನ್ಯ. ವಾದ್ಯದ ಬೆಲೆಯ ಮುಂದೆ ಈ ಖರ್ಚು ಏನೂ ಅಲ್ಲ.

ಆಮೇಲೆ ಸೆಟಪ್. ಮೊದಲ ಫ್ರೆಟ್ಟಿಗೆ ಕೇಪೋ (ತಂತಿ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ, ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿಹಿಡಿಯಿರಿ. ಆಗ ತಂತಿಯೇ ಒಂದು ನೇರ ಅಳತೆಪಟ್ಟಿಯಾಗುತ್ತದೆ. ಏಳನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ಕಾರ್ಡ್ ತಂತಿಯನ್ನು ಎತ್ತದೆ, ಸಡಿಲವಾಗಿ ಬೀಳದೆ, ಸವರಿಕೊಂಡು ಹೋದರೆ ಸುಮಾರು 0.3 ಮಿಲಿಮೀಟರ್ ಬಾಗು ಇದೆ, ಸರಿಯಾಗಿದೆ. 12ನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ ದಪ್ಪ ತಂತಿಗೆ 2.5, ಸಣ್ಣದಕ್ಕೆ 2 ಮಿಲಿಮೀಟರಿನ ಆಸುಪಾಸು ಎರಡೂ ಬೇಸಿಗೆ ಒಂದೇ ಇರಲಿ. ಮಾರುವವರು ಟ್ರಸ್ ರಾಡ್ (ನೆಕ್ಕಿನ ಬಾಗು ಹೊಂದಿಸುವ, ಅದರೊಳಗಿನ ಲೋಹದ ಸರಳು) ಮುಟ್ಟಲು ಬಿಡದಿದ್ದರೆ ಅವರೆದುರಿಗೇ, ಅವರ ಕೈಯಲ್ಲೇ ಮಾಡಿಸಿ.

ಮೂರನೆಯದು ಸದ್ದಿನ ಮಟ್ಟ. ಜೋರಾಗಿರುವುದು ಕಿವಿಗೆ ಒಳ್ಳೆಯದಾಗಿಯೇ ಕೇಳುತ್ತದೆ, ಇದರಿಂದ ಯಾರೂ ತಪ್ಪಿಸಿಕೊಂಡಿಲ್ಲ. ಪ್ರೀಆಂಪ್ ಇರುವ ಬೇಸ್ ಹೆಚ್ಚು ಸಿಗ್ನಲ್ ಕೊಡುತ್ತದೆ. ರೆಕಾರ್ಡಿಂಗ್ ಇಂಟರ್‌ಫೇಸಿಗೆ ಚುಚ್ಚಿ, ಒಂದೇ ಸ್ವರವನ್ನು ಒಂದೇ ಬಲದಲ್ಲಿ ನುಡಿಸಿ, ಮೀಟರ್ ಒಂದೇ ಕಡೆ ನಿಲ್ಲುವಂತೆ ಗೇನ್ ಹೊಂದಿಸಿಕೊಳ್ಳಿ. ಬೊಟೀಕ್ ಬೇಸಿನ ಬೇಸ್, ಟ್ರೆಬಲ್ ಗುಂಡಿಗಳು ಮೊದಲು ಮಧ್ಯದ ನೆಲೆಯಲ್ಲೇ ಇರಲಿ. ಸ್ಯಾಡೋವ್‌ಸ್ಕಿ ಬಗೆಯ ಪ್ರೀಆಂಪಿನಲ್ಲಿ ಗುಂಡಿ ಏರಿಸಲು ಮಾತ್ರ ಇರುವುದರಿಂದ ಅದನ್ನು ಪೂರ್ತಿ ಇಳಿಸಿಡಿ. ಪ್ರೀಆಂಪನ್ನೇ ದಾಟಿಸುವ ಸ್ವಿಚ್ ಇದ್ದರೆ ಅದರಲ್ಲೂ ಒಂದು ಸುತ್ತು ಕೇಳಿ. ಒಳಗಿನ ಮರ, ಪಿಕಪ್ ಏನು ಹೇಳುತ್ತಿವೆ ಎಂದು ಆಗ ಗೊತ್ತಾಗುತ್ತದೆ.

ಹೆಜ್ಜೆ 3: ಕೇಬಲ್ ಇಲ್ಲದೆ, ನಿಂತುಕೊಂಡು

ಹೆಗಲಿಗೆ ಪಟ್ಟಿ ಹಾಕಿಕೊಂಡು ನಿಂತು ಅರ್ಧ ಗಂಟೆ ನುಡಿಸಿ. ಕೂತು ನುಡಿಸಿದರೆ ಭಾರ ತಿಳಿಯುವುದಿಲ್ಲ. 70ರ ದಶಕದ ಆಶ್ ಮರದ ಬೇಸ್ 4.5 ಕಿಲೋ ದಾಟುವುದು ಸಾಮಾನ್ಯ, ಎರಡೂವರೆ ಗಂಟೆಯ ಕಾರ್ಯಕ್ರಮದಲ್ಲಿ ಆ ಅರ್ಧ ಕಿಲೋ ಭುಜಕ್ಕೆ ಲೆಕ್ಕ ಕೇಳುತ್ತದೆ. ಬೊಟೀಕ್ ತಯಾರಕರಲ್ಲಿ ಹಲವರು ಬಾಡಿಯೊಳಗೆ ಟೊಳ್ಳು ಕೊರೆದು ಭಾರ ಇಳಿಸುತ್ತಾರೆ. ಪಟ್ಟಿ ಹಾಕಿ ಎರಡೂ ಕೈ ಬಿಡಿ. ನೆಕ್ ನೆಲದ ಕಡೆ ವಾಲಿದರೆ ನಿಮ್ಮ ಎಡಗೈ ದಿನವೂ ಅದನ್ನು ಹೊರಬೇಕಾಗುತ್ತದೆ.

ನೆಕ್ಕಿನ ಅಗಲವೂ ಕೈಗೇ ಬಿಟ್ಟ ವಿಷಯ. ಜಾಝ್ ಬೇಸಿನ ನೆಕ್ ತುದಿಯಲ್ಲಿ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. 50ರ ದಶಕದ ಪ್ರಿಸಿಷನ್ ಒಂದೂಮುಕ್ಕಾಲು ಇಂಚು. ಹಳೆಯ ಫೆಂಡರ್‌ಗಳ ಬೆರಳುಹಲಗೆ ಹೆಚ್ಚು ಉಬ್ಬು, ಈಗಿನವು ಹೆಚ್ಚು ಸಪಾಟು. ಸಪಾಟಾದದ್ದರಲ್ಲಿ ತಂತಿಯನ್ನು ಇನ್ನೂ ಕೆಳಗೆ ಇಳಿಸಬಹುದು. ಉಬ್ಬಿದ್ದು ಮೊದಲ ನಾಲ್ಕು ಫ್ರೆಟ್ಟಿನಲ್ಲಿ ಅಂಗೈಗೆ ಒಗ್ಗುತ್ತದೆ.

ಇನ್ನೊಂದು ಕೆಲಸ ಮಾಡಿ: ಬಾಡಿಯ ಮೇಲಿನ ಕೊಂಬಿಗೆ ಕಿವಿ ಆನಿಸಿ ಖಾಲಿ ತಂತಿ ಮೀಟಿ. ಮರದಲ್ಲಿ ನಾದ ಎಷ್ಟು ಹೊತ್ತು ಉಳಿಯುತ್ತದೆ, ಎಲ್ಲಾದರೂ ಗರಗರ ಸದ್ದಿದೆಯಾ ಎಂದು ಕೇಳಿ. ಸಡಿಲವಾದ ತಿರುಪು, ಒಡೆದ ಕೀಲು ಇಲ್ಲಿ ಸಿಕ್ಕಿಬೀಳುತ್ತವೆ.

ಹೆಜ್ಜೆ 4: ಕೇಬಲ್ ಚುಚ್ಚಿ, ಒಂಟಿಯಾಗಿ

ಈಗ ತಪ್ಪು ಹುಡುಕುವ ಹೊತ್ತು. ಪ್ರತಿ ತಂತಿಯ ಪ್ರತಿ ಫ್ರೆಟ್ಟಿನಲ್ಲೂ ಒಂದು ಉದ್ದ ಸ್ವರ ಹಿಡಿಯಿರಿ. ಬೋಲ್ಟ್ ಹಾಕಿದ ಮರದ ನೆಕ್ಕಿನಲ್ಲಿ ಮೊದಲ ತಂತಿಯ ಐದರಿಂದ ಏಳನೇ ಫ್ರೆಟ್ಟಿನ ನಡುವೆ ಎಲ್ಲೋ ಒಂದು ಕಡೆ ಸ್ವರ ಬೇಗ ಸತ್ತುಹೋಗುವುದುಂಟು. ನೆಕ್ಕೇ ಆ ಕಂಪನವನ್ನು ನುಂಗಿಕೊಳ್ಳುವುದರಿಂದ ಹೀಗಾಗುತ್ತದೆ. ಹಳೆಯದರಲ್ಲೂ ಉಂಟು, ಎಷ್ಟೇ ದುಬಾರಿಯ ಹೊಸದರಲ್ಲೂ ಇರಬಹುದು. ಗ್ರಾಫೈಟ್ ಪಟ್ಟಿ ಕೂರಿಸಿದ ಬೊಟೀಕ್ ನೆಕ್ಕುಗಳಲ್ಲಿ ಕಡಿಮೆ. ಆ ಸ್ವರ ನಿಮ್ಮ ಮೂರು ಹಾಡಿನಲ್ಲಿ ಎಷ್ಟು ಸಲ ಬರುತ್ತದೆ ಎಂದು ನೋಡಿ ನಿರ್ಧರಿಸಿ.

ಐದು ತಂತಿಯದಾದರೆ ಖಾಲಿ ‘ಬಿ’ ತಂತಿಗೆ ವಿಶೇಷ ಗಮನ ಕೊಡಿ. ‘ಇ’ ತಂತಿ 41 ಹರ್ಟ್ಸ್, ‘ಬಿ’ ತಂತಿ ಸುಮಾರು 31 ಹರ್ಟ್ಸ್. ಸಣ್ಣ ಸ್ಪೀಕರು ಆ ಮೂಲ ಸ್ವರವನ್ನು ಎತ್ತುವುದೇ ಇಲ್ಲ. ಅದರ ಮೇಲಿನ ಸ್ವರಾಂಶಗಳಿಂದ ನಮ್ಮ ಕಿವಿ ಅದನ್ನು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಗುಮ್ಮೆನ್ನುವುದಕ್ಕಿಂತ ಮುಖ್ಯವಾದದ್ದು ಶ್ರುತಿ ಸ್ಪಷ್ಟವಾಗಿ ತಿಳಿಯುತ್ತದೆಯೇ ಅನ್ನುವುದು. ಇದಕ್ಕಾಗಿಯೇ ಕೆಲವು ತಯಾರಕರು 35 ಇಂಚಿಗೆ ಹೋದರು. ಅದೇ ತಂತಿಯ ಬಿಗಿ ಆಗ ಶೇ 6ರಷ್ಟು ಏರುತ್ತದೆ. ಆಂಥನಿ ಜಾಕ್ಸನ್ ಅವರ ಫೊಡೆರಾ 36 ಇಂಚಿನದು.

ಇನ್ನು ಹಮ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದು. ಜಾಝ್ ಬೇಸಿನಲ್ಲಿ ಎರಡೂ ವಾಲ್ಯೂಮ್ ಪೂರ್ತಿ ಏರಿಸಿದಾಗ ಎರಡು ಪಿಕಪ್ಪುಗಳ ಹಮ್ ಒಂದನ್ನೊಂದು ಹೊಡೆದುಹಾಕುತ್ತದೆ. ಒಂದನ್ನು ಇಳಿಸಿದೊಡನೆ ಗುಂಯ್‌ಗುಡತೊಡಗುತ್ತದೆ. ಪ್ರಿಸಿಷನ್ ಬೇಸಿನ ಒಡೆದ ಪಿಕಪ್ಪಿಗೆ 1957ರಿಂದಲೂ ಈ ತೊಂದರೆ ಇಲ್ಲ. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಬೀದಿಯ ಪೆಂಡಾಲಿನಲ್ಲಿ ಅರ್ಥಿಂಗ್ ಸರಿಯಿರುವುದಿಲ್ಲ, ಬೆನ್ನ ಹಿಂದೆ ಎಲ್‌ಇಡಿ ಗೋಡೆ, ಪಕ್ಕದಲ್ಲಿ ದೀಪಗಳ ಡಿಮ್ಮರ್. 60ರ ದಶಕದ ಒಂದೇ ಸುರುಳಿಯ ಪಿಕಪ್ ಅಲ್ಲಿ ಸಹಿಸಲಾಗದಷ್ಟು ಹಾಡುತ್ತದೆ. ಬೊಟೀಕ್ ಬೇಸ್‌ಗಳಲ್ಲಿ ಹಮ್ ತಡೆಯುವ ಪಿಕಪ್, ಗೂಡಿನೊಳಗೆ ತಾಮ್ರದ ಹಾಳೆ ಸಾಮಾನ್ಯ. ಪೆಂಡಾಲಿನಲ್ಲೇ ಹೆಚ್ಚು ನುಡಿಸುವವರಿಗೆ ಈ ಒಂದೇ ಕಾರಣಕ್ಕೆ ಬೊಟೀಕ್ ಗೆಲ್ಲಬಹುದು.

ಜಾಝ್ ಬೇಸ್ ಹೋಲಿಸುವವರು ಇನ್ನೊಂದನ್ನು ಅಳೆಯಿರಿ: ಎರಡು ಪಿಕಪ್ಪುಗಳ ನಡುವಿನ ದೂರ. 70ರ ದಶಕದಲ್ಲಿ ಹಿಂದಿನ ಪಿಕಪ್ಪನ್ನು ಬ್ರಿಡ್ಜ್ ಕಡೆಗೆ ಸುಮಾರು 10 ಮಿಲಿಮೀಟರ್ ಸರಿಸಿದರು. ಒಂದು ಬೆರಳಗಲವೂ ಇಲ್ಲದ ಆ ದೂರದಿಂದ ನಾದ ಬಿಗಿಯಾಗಿ, ಚೂಪಾಗಿ ಬದಲಾಯಿತು. 60ರ ಅಂತರದ ಬೊಟೀಕನ್ನು 70ರ ಫೆಂಡರ್ ಜೊತೆ ಇಟ್ಟು ವ್ಯತ್ಯಾಸವೆಲ್ಲ ಮರದ ವಯಸ್ಸಿನದು ಎನ್ನುವವರನ್ನು ನೋಡಿದ್ದೇನೆ. ಅಲ್ಲ, ಅದು ಅಳತೆಯದು.

ಹೆಜ್ಜೆ 5: ಡ್ರಮ್ಮರ್ ಕರೆಸಿ

ಆ ಸಂಜೆ ನಮ್ಮ ಕೋಣೆಯಲ್ಲಿ ನಡೆದದ್ದನ್ನು ಹೇಳಿದರೆ ಈ ಹೆಜ್ಜೆ ಯಾಕೆಂದು ತಿಳಿಯುತ್ತದೆ. ಒಂಟಿಯಾಗಿ ಕೇಳಿದಾಗ ಬೊಟೀಕ್ ಬೇಸ್ ತುಂಬು ನಾದದ್ದು: ಕೆಳಗೆ ಆಳ, ಮೇಲೆ ಗಾಜಿನಂಥ ಹೊಳಪು. ಹಳೆಯ ಪ್ರಿಸಿಷನ್ ಅದರ ಮುಂದೆ ಮೂಗಿನಲ್ಲಿ ಮಾತಾಡಿದ ಹಾಗಿತ್ತು. ಡ್ರಮ್ ಸೇರಿತು, ಗಿಟಾರ್ ಸೇರಿತು. ಬೊಟೀಕಿನ ಆಳವನ್ನು ಕಿಕ್ ಡ್ರಮ್ ತಿಂದಿತು, ಹೊಳಪನ್ನು ಹೈಹ್ಯಾಟ್ ತಿಂದಿತು. ನಡುವೆ ಉಳಿದದ್ದು ಕಡಿಮೆ. ಹಳೆಯದರಲ್ಲಿ ಮೂಗಿನ ಹಾಗೆ ಕೇಳಿದ್ದ ಆ ಮಧ್ಯದ ಗಂಟಲು ಈಗ ಕಿಕ್ಕಿಗೂ ಗಿಟಾರಿಗೂ ನಡುವಿನ ಖಾಲಿ ಜಾಗದಲ್ಲಿ ಬಂದು ಕೂತುಬಿಟ್ಟಿತು. ನಮ್ಮ ಡ್ರಮ್ಮರ್ ಕೋಲು ನಿಲ್ಲಿಸಿ, ‘ಈಗ ನನಗೆ ನೀವು ಕೇಳಿಸ್ತಿದ್ದೀರ ಸರ್’ ಅಂದ.

ಅಲ್ಲಿಗೇ ಮುಗಿಸಿದ್ದರೆ ಹಳೆಯದೇ ಗೆದ್ದಿತು ಎಂದು ಮನೆಗೆ ಹೋಗುತ್ತಿದ್ದೆವು. ಹೊಸ ತಂತಿ ಹಾಕಿ, ಬೊಟೀಕಿನ ಟ್ರೆಬಲ್ ಇಳಿಸಿ, ಹಿಂದಿನ ಪಿಕಪ್ಪನ್ನು ಸ್ವಲ್ಪ ತಗ್ಗಿಸಿದೆವು. ಅದೂ ನಡುವೆ ಬಂದು ಕೂತಿತು, ಪೂರ್ತಿ ಅದೇ ದನಿಯಲ್ಲದಿದ್ದರೂ. ನಿಧಾನದ ಹಾಡಿನಲ್ಲಿ ಕೀಬೋರ್ಡ್ ಕೆಳಗಿನ ‘ಡಿ’ಗೆ ಇಳಿದಾಗ ಅದರ ಐದನೇ ತಂತಿಯ ಮೂರನೇ ಫ್ರೆಟ್ ನೆಲದ ಹಾಗೆ ನಿಂತಿತು. ಹಳೆಯದರಲ್ಲಿ ಆ ಸ್ವರವೇ ಇಲ್ಲ. ಕುಣಿಸುವ ಹಾಡಿಗೆ ಮತ್ತೆ ಹಳೆಯದೇ ಸೈ. ಮೂರು ಹಾಡಿಗೆ ಎರಡು ಉತ್ತರ ಬಂತು. ಹಾಡನ್ನು ಮೊದಲೇ ಬರೆದುಕೊಳ್ಳಿ ಎಂದದ್ದು ಇದಕ್ಕೇ.

ನೀವು ಮಾಡುವಾಗ ಆಂಪ್ ಒಂದೇ ಇರಲಿ, ಅದರ ಗುಂಡಿಗಳು ಕದಲದಿರಲಿ, ಜೊತೆಗೆ ಡಿಐ ಬಾಕ್ಸಿನಿಂದ (ಬೇಸನ್ನು ಆಂಪ್ ಇಲ್ಲದೆ ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆಯಿಂದ) ನೇರವಾಗಿ ರೆಕಾರ್ಡ್ ಆಗಲಿ. ನುಡಿಸುವಾಗ ಕೈಗೆ ಆಗುವ ಸುಖ ಕಿವಿಯನ್ನು ಒಲಿಸಿಕೊಳ್ಳುತ್ತದೆ. ನಿಜ ತಿಳಿಯುವುದು ಮರುದಿನ ರೆಕಾರ್ಡಿಂಗ್ ಕೇಳಿದಾಗ. ಫೈಲುಗಳಿಗೆ ವಾದ್ಯದ ಹೆಸರು ಕೊಡದೆ ‘ಒಂದು’, ‘ಎರಡು’ ಎಂದು ಬೇರೆಯವರಿಂದ ಹೆಸರಿಡಿಸಿ. ಮೂರು ಸಲ ಕೇಳಿ ಮೂರು ಸಲವೂ ಗುರುತಿಸಲಾಗದಿದ್ದರೆ ನಿಮ್ಮ ಸಂಗೀತಕ್ಕೆ ಆ ವ್ಯತ್ಯಾಸ ಇಲ್ಲ ಎಂದೇ ಅರ್ಥ. ಆಗ ಭಾರ, ಬೆಲೆ, ನಂಬಿಕೆ ನೋಡಿ ಆರಿಸಿ.

ಹೆಜ್ಜೆ 6: ಹಳೆಯದನ್ನು ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ

1973ರದು ಎಂದು ನಂಬಿ ನಾನೊಮ್ಮೆ ಒಂದು ಬೇಸ್ ಕೊಂಡೆ. ಮನೆಗೆ ತಂದು ಪಿಕ್‌ಗಾರ್ಡ್ (ಬಾಡಿಯ ಮೇಲಿನ ಹೊದಿಕೆ ಹಾಳೆ) ಬಿಚ್ಚಿದರೆ ಒಳಗಿನ ಪಾಟ್‌ಗಳು (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಭಾಗಗಳು) 1979ರವು, ಪಿಕಪ್ ಇನ್ನೂ ಹೊಸದು, ನೆಕ್ ಮಾತ್ರ 1973ರದು. ಮೂರು ವಾದ್ಯ ಸೇರಿಸಿ ಒಂದು ಮಾಡಿದ್ದು. ನುಡಿಸಲು ಕೆಟ್ಟದ್ದೇನಲ್ಲ, ಆದರೆ ನಾನು ಕೊಟ್ಟದ್ದು ಅಖಂಡವಾದ ಹಳೆಯ ವಾದ್ಯದ ಬೆಲೆ. ಮಾರಿದವರು ಆಮೇಲೆ ಫೋನ್ ಎತ್ತಲಿಲ್ಲ. ಆ ನೋವಿನಿಂದ ಕಲಿತದ್ದು ಇದು.

ಮಾರುವವರ ಎದುರಿಗೇ ಪಿಕ್‌ಗಾರ್ಡ್ ಅಥವಾ ಕಂಟ್ರೋಲ್ ಪ್ಲೇಟ್ ತೆಗೆಸಿ. ಪಾಟ್‌ನ ಬೆನ್ನಿನ ಮೇಲೆ ಅಂಕಿ ಒತ್ತಿರುತ್ತದೆ. ಮೊದಲ ಮೂರು ಅಂಕಿ ತಯಾರಕರದು: 304 ಎಂದರೆ ಸ್ಟ್ಯಾಕ್‌ಪೋಲ್, 137 ಎಂದರೆ ಸಿಟಿಎಸ್. ನಂತರ ವರ್ಷ, ವಾರ. 3046352 ಎಂದಿದ್ದರೆ ಸ್ಟ್ಯಾಕ್‌ಪೋಲ್ ಕಂಪನಿ, 1963, 52ನೇ ವಾರ. ಪಾಟ್ ಮೂಲದ್ದೇ ಆಗಿದ್ದರೆ ವಾದ್ಯ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಹೊಸದಾಗಿರಬಹುದು. ಫೆಂಡರ್ 1966ರಲ್ಲಿ ಪಾಟ್‌ಗಳನ್ನು ರಾಶಿಯಾಗಿ ಕೊಂಡು ದಶಕದ ಕೊನೆಯವರೆಗೂ ಬಳಸಿತು. ಆದ್ದರಿಂದ 1966ರ ಪಾಟ್ ಇರುವ 1969ರ ಬೇಸ್ ಅನುಮಾನಕ್ಕೆ ಕಾರಣವಲ್ಲ.

ಬೆಸುಗೆ ನೋಡಿ. ಹಳೆಯ ಮೂಲ ಬೆಸುಗೆ ಮಂಕಾಗಿ, ಒಂದೇ ಹಿಡಿತದಲ್ಲಿ ಕೂತಿರುತ್ತದೆ. ಹೊಳೆಯುವ ಉಂಡೆ, ಸುತ್ತ ಕರಗಿದ ಫ್ಲಕ್ಸ್, ಎರಡು ಬಣ್ಣದ ವೈರು ಕಂಡರೆ ಯಾರೋ ಕೈ ಆಡಿಸಿದ್ದಾರೆ.

ನೆಕ್ ಬಿಚ್ಚಲು ಒಪ್ಪಿದರೆ ಬುಡದಲ್ಲಿ ಮೊಹರು ಸಿಗುತ್ತದೆ. 60ರ ದಶಕದ ಮೊಹರಿನಲ್ಲಿ ತಿಂಗಳ ಮುಂದಿರುವ ಅಂಕಿಯನ್ನು ಎಷ್ಟೋ ಜನ ತಾರೀಕು ಎಂದು ಓದುತ್ತಾರೆ. ಅದು ನೆಕ್ಕಿನ ಬಗೆಯ ಸಂಕೇತ. ಕೊನೆಯ ಅಕ್ಷರ ಅಗಲದ್ದು. ‘ಎ’ ಎಂದರೆ ಜಾಝ್ ಬೇಸಿನ ಒಂದೂವರೆ ಇಂಚು. ನೆಕ್ ತೆಗೆದಾಗಲೇ ಟ್ರಸ್ ರಾಡ್ ನಟ್ ಇನ್ನೂ ತಿರುಗುತ್ತದೆಯೇ ಎಂದು ನೋಡಿ, ಏಕೆಂದರೆ ಹೆಚ್ಚಿನ ಹಳೆಯ ಫೆಂಡರ್‌ಗಳಲ್ಲಿ ಅದು ಬುಡದಲ್ಲಿರುತ್ತದೆ. ಪೂರ್ತಿ ಬಿಗಿದು ಮುಗಿದಿದ್ದರೆ ಆ ನೆಕ್ಕಿನ ಆಯಸ್ಸೂ ಮುಗಿಯುತ್ತ ಬಂದಿದೆ. ಮೂರು ಬೋಲ್ಟಿನ ಪ್ಲೇಟ್ 70ರ ದಶಕದ ನಡುವಿನಿಂದ ಜಾಝ್ ಬೇಸಿಗೆ ಬಂತು, ಪ್ರಿಸಿಷನ್ ಬೇಸ್ ನಾಲ್ಕನ್ನೇ ಉಳಿಸಿಕೊಂಡಿತು. ಮೂರು ಬೋಲ್ಟಿನ ‘1976ರ ಪ್ರಿಸಿಷನ್’ ಯಾರಾದರೂ ತೋರಿಸಿದರೆ ಕೈ ಮುಗಿದು ಬನ್ನಿ.

ಬಣ್ಣಕ್ಕೆ, ನೋಟು ಪರೀಕ್ಷಿಸುವ ನೇರಳಾತೀತ ದೀಪ ಸಾಕು. ಕೋಣೆ ಕತ್ತಲೆ ಮಾಡಿ ಹಿಡಿದರೆ ಹಳೆಯ ನೈಟ್ರೋ ಹಸಿರು ಹಳದಿಯಾಗಿ ಹೊಳೆಯುತ್ತದೆ, ಆಮೇಲೆ ಬಳಿದ ಜಾಗ ಬೇರೆಯಾಗಿ ಕಾಣುತ್ತದೆ. ಇಡೀ ಬಣ್ಣ ಮತ್ತೆ ಹೊಡೆದದ್ದಾದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ವ್ಯಾಪಾರದ ರೂಢಿ. ಸಂಗ್ರಹಕಾರರಿಗೆ ಅದು ದೋಷ, ನುಡಿಸುವ ನಮಗೆ ಅದೇ ಅವಕಾಶ. ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸಿನ ಫ್ರೆಟ್ ಕಿತ್ತು, ಸೀಳುಗಳನ್ನು ತುಂಬಿ, ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿದ್ದರು. ಫ್ರೆಟ್‌ಲೆಸ್ ಬೇಸ್ ಹೇಗೆ ಹಾಡಬೇಕೆಂದು ಜಗತ್ತಿಗೆ ಕಲಿಸಿದ್ದು ಆ ವಾದ್ಯ.

ಹೆಜ್ಜೆ 7: ಬೊಟೀಕ್ ತಯಾರಕರಿಗೆ ಕೇಳಬೇಕಾದದ್ದು

ಮೇಲಿನ ಚಂದದ ಮರದ ಹಾಳೆಗೆ ಎಷ್ಟು ದುಡ್ಡು, ವಾದ್ಯಕ್ಕೆ ಎಷ್ಟು ಎಂದು ಬಿಡಿಸಿ ಕೇಳಿ. ನಾಲ್ಕೈದು ಮಿಲಿಮೀಟರಿನ ಆ ಸುಂದರ ಹೊದಿಕೆ ಕಣ್ಣಿಗೆ ಸಂಭ್ರಮ. ನಾದಕ್ಕೆ ನೆಕ್ಕೂ ಪಿಕಪ್ಪಿನ ಜಾಗವೂ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡುತ್ತವೆ. ಪ್ರೀಆಂಪ್ ಕೆಟ್ಟರೆ ಬದಲಿ ಸಿಗುತ್ತದೆಯೇ, ಅಥವಾ ಎಪಾಕ್ಸಿಯಲ್ಲಿ ಮುಳುಗಿಸಿದ ಗುಟ್ಟಿನ ಪೆಟ್ಟಿಗೆಯೇ? ಬ್ಯಾಟರಿ ಸತ್ತರೆ ಸದ್ದು ಪೂರ್ತಿ ನಿಲ್ಲುತ್ತದೆಯೇ, ಪ್ಯಾಸಿವ್ ಆಗಿ (ಪ್ರೀಆಂಪ್ ಇಲ್ಲದೆ) ಮುಂದುವರಿಯುತ್ತದೆಯೇ? ಮುಂದುವರಿಯದಿದ್ದರೆ ಬ್ಯಾಗಿನಲ್ಲಿ ಸದಾ ಒಂದು 9 ವೋಲ್ಟ್ ಬ್ಯಾಟರಿ ಇರಲಿ, ನುಡಿಸಿ ಮುಗಿದ ಕೂಡಲೇ ಕೇಬಲ್ ಕಿತ್ತಿಡಿ. ಕೇಬಲ್ ಚುಚ್ಚಿರುವಷ್ಟು ಹೊತ್ತೂ ಬ್ಯಾಟರಿ ಕರಗುತ್ತಿರುತ್ತದೆ.

ಮರುಮಾರಾಟದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನಿಮ್ಮ ಕೈಯಳತೆಗೆ ಮಾಡಿಸಿದ ಬೊಟೀಕ್ ಹೊಸ ಕಾರಿನ ಹಾಗೆ, ಮೊದಲ ದಿನವೇ ಬೆಲೆ ಇಳಿಯುತ್ತದೆ. ಎರಡನೇ ಕೈಯದ್ದು ಸಿಕ್ಕರೆ ಅದೇ ಜಾಣತನ.

ಮರ, ಮಳೆ, ಕಾಗದ

ಹಳೆಯ ಬೇಸನ್ನು ಹೊರದೇಶದಿಂದ ತರಿಸುವವರು ಬೆರಳುಹಲಗೆಯ ಮರ ಯಾವುದೆಂದು ಕೇಳಲೇಬೇಕು. 60ರ ದಶಕದ ಅನೇಕ ಫೆಂಡರ್‌ಗಳಲ್ಲಿ ಬ್ರೆಜಿಲ್ಲಿನ ರೋಸ್‌ವುಡ್ ಇದೆ. 1992ರಿಂದ ಅದು ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ವಾದ್ಯ ಜಪ್ತಿಯಾಗಬಹುದು. ಬ್ರೆಜಿಲ್ ಮರದ ದಿಮ್ಮಿ ಕೊಡುವುದನ್ನು ನಿಲ್ಲಿಸಿದ ಮೇಲೆ ತಯಾರಕರು ತಿರುಗಿದ್ದು ಭಾರತದ ಕಡೆಗೆ. ‘ಇಂಡಿಯನ್ ರೋಸ್‌ವುಡ್’ ಎಂದು ಅವರು ಬರೆಯುವುದು ನಮ್ಮ ಮಲೆನಾಡಿನ, ಕೊಡಗಿನ ಕಾಡಿನಲ್ಲಿ ಬೆಳೆಯುವ ಬೀಟೆ ಮರವನ್ನೇ. ಅಜ್ಜನ ಮನೆಯ ಮಂಚಕ್ಕೂ ಕ್ಯಾಲಿಫೋರ್ನಿಯಾದ ಬೇಸಿಗೂ ಒಂದೇ ಜಾತಿಯ ಮರ ಎಂದು ತಿಳಿದ ದಿನ ನನಗೆ ಆದ ಖುಷಿ ಇನ್ನೂ ಹೋಗಿಲ್ಲ. ಬೀಟೆಯೂ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿದೆ, ಆದರೆ ತಯಾರಾದ ವಾದ್ಯಗಳಿಗೆ 2019ರಿಂದ ವಿನಾಯಿತಿ ಸಿಕ್ಕಿದೆ. ಸುಂಕ, ತೆರಿಗೆ, ಸಾಗಣೆ ಸೇರಿಸಿದ ಮೇಲಿನ ಮೊತ್ತವನ್ನೇ ಬೆಲೆ ಎಂದು ತಿಳಿದು ಎರಡನ್ನೂ ತೂಗಿ.

ನೀವಿರುವ ಊರೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನ ಆಷಾಢದಲ್ಲಿ ಮರ ನೀರು ಕುಡಿಯುತ್ತದೆ, ಕಲಬುರಗಿಯ ಏಪ್ರಿಲ್ಲಿನಲ್ಲಿ ಒಣಗಿ ಫ್ರೆಟ್ಟಿನ ತುದಿಗಳು ಹೊರಬಂದು ಅಂಗೈ ಗೀಚುತ್ತವೆ. ಒಂದೇ ಮರದ ಹಳೆಯ ನೆಕ್ಕಿಗೆ ವರ್ಷಕ್ಕೆರಡು ಸಲ ಟ್ರಸ್ ರಾಡ್ ಕಾಲು ಸುತ್ತು ತಿರುಗಿಸಬೇಕಾದೀತು, ಅದೂ ನೆಕ್ ಸಡಿಲಿಸಿ. ಮೂರು ಪದರ ಅಂಟಿಸಿ ಗ್ರಾಫೈಟ್ ಕೂರಿಸಿದ ನೆಕ್ ಅಷ್ಟು ಕದಲುವುದಿಲ್ಲ. ನಿಮ್ಮ ಊರಿನಲ್ಲಿ ಈ ಕೆಲಸ ಬಲ್ಲ ಕೈ ಇದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಇಲ್ಲದಿದ್ದರೆ ನೀವೇ ಕಲಿಯಬೇಕು, ಕಲಿಯಲಾಗದಷ್ಟು ಕಷ್ಟದ್ದೇನಲ್ಲ.

ಕೊನೆಯದಾಗಿ, ದುಡ್ಡು ಕೊಡುವ ದಿನ. ಯಾವುದನ್ನೇ ಆರಿಸಿರಿ, ವಾದ್ಯ ಇನ್ನೂ ಬಿಚ್ಚಿರುವಾಗಲೇ ಪಾಟ್‌ನ ಅಂಕಿ, ಬೆಸುಗೆ, ನೆಕ್ಕಿನ ಬುಡ, ಸರಣಿ ಸಂಖ್ಯೆ ನಾಲ್ಕಕ್ಕೂ ಹಗಲು ಬೆಳಕಿನಲ್ಲಿ ಫೋಟೋ ತೆಗೆದುಕೊಳ್ಳಿ. ಯಾವ ಭಾಗ ಮೂಲದ್ದು, ಯಾವುದು ಬದಲಾಗಿದೆ ಎಂದು ಮಾರುವವರಿಂದ ರಸೀದಿಯ ಮೇಲೇ ಬರೆಸಿ ಸಹಿ ಹಾಕಿಸಿ. ಆ ಕಾಗದದ ಒಂದು ಪ್ರತಿ ಕೇಸಿನ ಒಳಜೇಬಿನಲ್ಲಿ, ಆಲನ್ ಕೀ ಜೊತೆಗೇ ಇರಲಿ.